ಹೊಸದಾಗಿ ನೆಟ್ಟ ಮರಗಿಡಗಳ ಆರೈಕೆ

ದಾವಣಗೆರೆ ಮತ್ತು ಹರಿಹರ ಸೀಮೆಯ ರೈತರಿಗೂ ಪೇಟೆಯ ಗೃಹಸ್ಥರಿಗೂ ತಿಳಿವಳಿಕೆ

ಮುಂಗಾರು ಮಳೆ ಬಿದ್ದೊಡನೆ ಸಸಿಗಳನ್ನು ನೆಡುವ ಉತ್ಸಾಹವು ಈ ಸೀಮೆಯಲ್ಲಿ ಎಲ್ಲೆಲ್ಲಿಯೂ ಕಂಡುಬರುತ್ತದೆ. ಹೊಲದ ಬದುಗಳಲ್ಲಿ ಬೇವು, ಹೊಂಗೆ, ಹುಣಸೆಗಳೂ, ಹಿತ್ತಲುಗಳಲ್ಲಿ ಪೇರಲ, ನಿಂಬೆ, ಕರಿಬೇವುಗಳೂ, ಮನೆಯ ಮುಂದೆ ದಾಸವಾಳ, ಕಣಗಿಲೆಗಳೂ, ಪೇಟೆಯ ಬೀದಿಗಳಲ್ಲಿ ನೆರಳಿನ ಮರಗಳೂ ನೆಡಲ್ಪಡುತ್ತವೆ. 1950ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಮಂತ್ರಿಗಳಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಸಸಿ ನೆಡುವುದಕ್ಕೆ ಒಂದು ಹಬ್ಬವೇ ಏರ್ಪಟ್ಟಿದೆ. ಆದರೆ ನೆಟ್ಟ ಸಸಿಗೆ ಫಾಲ್ಗುಣ ಚೈತ್ರ ಮಾಸಗಳಲ್ಲಿ ನೀರು ಹೊರುವುದಕ್ಕೆ ಯಾವ ಹಬ್ಬವೂ ಇಲ್ಲ. ಜೂನ್ ತಿಂಗಳಲ್ಲಿ ನೆಟ್ಟ ಸಸಿಗಳ ಪೈಕಿ ಮುಂದಿನ ಯುಗಾದಿಗೆ ಚಿಗುರಿದವು ಎಷ್ಟು ಎಂಬುದನ್ನು ಎಣಿಸಿ ನೋಡುವವರು ವಿರಳ.

ಸಸಿಯನ್ನು ಗುಣಿಯಲ್ಲಿ ಇಟ್ಟು ಮಣ್ಣು ಮುಚ್ಚುವುದು ಅರ್ಧ ಗಳಿಗೆಯ ಕೆಲಸ. ಅದನ್ನು ಮರವನ್ನಾಗಿ ಮಾಡುವುದು ಮೂರು ಬೇಸಗೆಗಳ ಕೆಲಸ. ಈ ಮೂರು ಬೇಸಗೆಗಳಲ್ಲಿ ಏನೇನು ಮಾಡಬೇಕು, ಏನೇನು ಮಾಡಕೂಡದು ಎಂಬುದನ್ನು ಇಲ್ಲಿ ವಿವರಿಸಿದೆ.

ಸಸಿ ಸಾಯುವುದಕ್ಕೆ ಕಾರಣ

ಸಸ್ಯಕ್ಷೇತ್ರದಿಂದ ತಂದ ಸಸಿಯ ಬೇರುಗಳೆಲ್ಲವೂ ಒಂದು ಸಣ್ಣ ಚೀಲದಷ್ಟು ಮಣ್ಣಿನಲ್ಲಿ ಮಾತ್ರ ಇರುತ್ತವೆ. ಅಲ್ಲಿ ಅದಕ್ಕೆ ದಿನವೂ ನೀರು ದೊರೆಯುತ್ತಿತ್ತು. ನೆಲದಲ್ಲಿ ನೆಟ್ಟ ಮೇಲೂ ಕೆಲವು ವಾರಗಳವರೆಗೆ ಅದು ಆ ಹೆಂಟೆಯಷ್ಟು ಮಣ್ಣಿನಿಂದಲೇ ನೀರನ್ನು ಹೀರಿಕೊಳ್ಳಬೇಕು. ಆದುದರಿಂದ ಸುತ್ತಲಿನ ಹೊಲವು ಹಸಿಯಾಗಿದ್ದರೂ ಬೇರಿನ ಹೆಂಟೆಯು ಒಣಗಿ ಸಸಿ ಬಾಡುವುದುಂಟು. ಹೊಸ ಬೇರುಗಳು ಸುತ್ತಲಿನ ನೆಲಕ್ಕೆ ಹರಡಿ ಆಳಕ್ಕೆ ಇಳಿದ ಮೇಲೆಯೇ ಗಿಡವು ತನ್ನ ಕಾಲ ಮೇಲೆ ನಿಲ್ಲುತ್ತದೆ. ಇದಕ್ಕೆ ಸಾಧಾರಣವಾಗಿ ಎರಡರಿಂದ ಮೂರು ವರ್ಷಗಳು ಹಿಡಿಯುತ್ತವೆ.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600ರಿಂದ 650 ಮಿಲಿಮೀಟರ್, ಎಂದರೆ ಹಳೆಯ ಲೆಕ್ಕದಲ್ಲಿ 25 ಅಂಗುಲದಷ್ಟು ಮಳೆಯಾಗುತ್ತದೆ. ಅದರ ಬಹುಭಾಗವು ಜೂನ್‌ನಿಂದ ಅಕ್ಟೋಬರ್ ಒಳಗೆ ಬಂದು ಹೋಗುತ್ತದೆ. ಸ್ವಾತಿ ಮಳೆ ನಿಂತ ಮೇಲೆ ಮುಂದಿನ ಮೇ ತಿಂಗಳವರೆಗೆ ನಂಬತಕ್ಕ ಮಳೆ ಇಲ್ಲ. ಏಪ್ರಿಲ್ ತಿಂಗಳಲ್ಲಿ ಬಿಸಿಲು 38 ಡಿಗ್ರಿಯನ್ನು ಮೀರುವುದುಂಟು. ಬಹುಮಂದಿ ಮಳೆಗಾಲದಲ್ಲಿ ಸಸಿ ಹಸುರಾಗಿರುವುದನ್ನು ಕಂಡು ಅದು ಹಿಡಿಯಿತೆಂದು ನಿಶ್ಚಿಂತರಾಗುತ್ತಾರೆ. ಆದರೆ ಸಸಿಗೆ ನಿಜವಾದ ಪರೀಕ್ಷೆ ಬರುವುದು ಸಂಕ್ರಾಂತಿಯ ತರುವಾಯ.

ಸಸಿಗಳಿಗೆ ಮುಂಚೆ ಕೊಡಗಳನ್ನು ಎಣಿಸಿರಿ

ಎಷ್ಟು ಸಸಿಗಳನ್ನು ನೆಡಬೇಕೆಂಬುದನ್ನು ಸ್ಥಳವನ್ನು ನೋಡಿ ನಿರ್ಧರಿಸುವುದು ವಾಡಿಕೆ. ಬೇಸಗೆಯಲ್ಲಿ ದೊರೆಯುವ ನೀರನ್ನು ನೋಡಿ ನಿರ್ಧರಿಸುವುದೇ ಸರಿ. ಕೆಂಪು ಮಸಾರಿ ಭೂಮಿಯಲ್ಲಿ ಮೊದಲನೆಯ ಬೇಸಗೆಯಲ್ಲಿ ಒಂದು ಸಸಿಗೆ ನಾಲ್ಕು ದಿನಗಳಿಗೊಮ್ಮೆ ಎರಡು ಕೊಡ ನೀರು ಬೇಕೆಂದು ಇಟ್ಟುಕೊಳ್ಳೋಣ. ನಾಲ್ಕು ತಿಂಗಳಲ್ಲಿ ಮೂವತ್ತು ಸಾರಿ ನೀರು ಹಾಕಬೇಕು. ಒಂದು ಸಸಿಗೆ 60 ಕೊಡಗಳಾದುವು. ಹತ್ತು ಸಸಿಗಳಿಗೆ 600 ಕೊಡಗಳು, ನೂರು ಸಸಿಗಳಿಗೆ 6,000 ಕೊಡಗಳು. ಹತ್ತು ಸಸಿಗೆ ಮಾತ್ರ ನೀರು ಒದಗಿಸಬಲ್ಲವನು ನೂರು ಸಸಿಗಳನ್ನು ನೆಟ್ಟರೆ ತೊಂಬತ್ತು ಸತ್ತು ಹತ್ತು ಉಳಿಯುವುದಿಲ್ಲ. ಇದ್ದ ನೀರು ನೂರಕ್ಕೆ ಹಂಚಿಹೋಗಿ ಒಂದೂ ಉಳಿಯದೆ ಹೋಗುವುದೇ ಹೆಚ್ಚು.

ಭದ್ರಾ ನಾಲೆಯ ಅಚ್ಚುಕಟ್ಟಿನವರು ತಮಗೆ ಈ ಲೆಕ್ಕ ಬೇಡವೆಂದು ತಿಳಿಯಬಾರದು. ನಾಲೆಯ ನೀರು ಸರತಿಯ ಮೇಲೆ ಬರುತ್ತದೆ. ಜಲಾಶಯದಲ್ಲಿ ನೀರು ಕಡಮೆಯಾದ ವರ್ಷ ಬೇಸಗೆಯಲ್ಲಿ ಬಾರದೆಯೂ ಹೋಗಬಹುದು. ಕೊಳವೆಬಾವಿಯನ್ನು ನಂಬಿದವರಿಗೂ ಇದೇ ಮಾತು ಅನ್ವಯಿಸುತ್ತದೆ.

ನೀರನ್ನು ಹೊತ್ತರೆ ಬರಡು ದಾರಿಯಲ್ಲಿಯೂ ಮರವಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಪ್ರಸಿದ್ಧ ನಿದರ್ಶನವಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರು ಗ್ರಾಮಗಳ ನಡುವಣ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಸುಮಾರು 385 ಆಲದ ಮರಗಳನ್ನು ಬೆಳೆಸಿದರು. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅವರು ಒಂದೇ ವರ್ಷ ಎಲ್ಲವನ್ನೂ ನೆಡಲಿಲ್ಲ. ಮೊದಲು ಹತ್ತರಷ್ಟು, ಮರುವರ್ಷ ಇನ್ನು ಕೆಲವು, ಹೀಗೆ ಕೈಲಾದಷ್ಟನ್ನೇ ಮಳೆಗಾಲದಲ್ಲಿ ನೆಟ್ಟು, ದನಕರು ಮೇಯದಂತೆ ಮುಳ್ಳು ಕಟ್ಟಿ, ಬೇಸಗೆಯಲ್ಲಿ ಬಿಂದಿಗೆಗಳಲ್ಲಿ ನೀರನ್ನು ದೂರ ಹೊತ್ತು ಹಾಕಿದರು. ಕೃಷಿಗ್ರಂಥಗಳು ಹೇಳುವುದನ್ನೆಲ್ಲ ಆ ದಂಪತಿಗಳು ಅನುಭವದಿಂದಲೇ ಕಂಡುಕೊಂಡಿದ್ದರು.

ಕರ್ನಾಟಕ ಸರ್ಕಾರವು 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು. ರೈತನಿಗೆ ಪ್ರೋತ್ಸಾಹಧನವು ಸಸಿಯನ್ನು ನೆಟ್ಟುದಕ್ಕಲ್ಲ. ಒಂದನೆಯ, ಎರಡನೆಯ, ಮೂರನೆಯ ವರ್ಷಗಳ ಕೊನೆಯಲ್ಲಿ ಬದುಕಿ ಉಳಿದ ಸಸಿಗಳನ್ನು ಎಣಿಸಿ ಅವುಗಳಿಗೆ ಎಂಬುದು ಅದರ ಕ್ರಮ.

ನೆಲದ ಗುಣ

ಈ ಸೀಮೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಭೂಮಿಯುಂಟು: ಎರೆ ಭೂಮಿ ಮತ್ತು ಕೆಂಪು ಮಸಾರಿ. ಇವೆರಡಕ್ಕೂ ಒಂದೇ ಬಗೆಯ ಆರೈಕೆ ಸಲ್ಲದು.

ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಗುಣಿಯೊಳಗೆ ನೀರು ನಿಂತು ಬೇರು ಕೊಳೆಯುವುದೂ, ಬೇಸಗೆಯಲ್ಲಿ ಬಿರುಕುಗಳಿಂದ ಎಳೆಯ ಬೇರುಗಳು ಹರಿದುಹೋಗುವುದೂ ಈ ಭೂಮಿಯ ಎರಡು ಅಪಾಯಗಳು. ಆದುದರಿಂದ ಎರೆ ಭೂಮಿಯಲ್ಲಿ ಸಸಿಯನ್ನು ತಗ್ಗಿನಲ್ಲಿ ನೆಡದೆ, ಸುತ್ತಲಿನ ನೆಲಕ್ಕಿಂತ ನಾಲ್ಕಾರು ಅಂಗುಲ ಎತ್ತರವಾದ, ಅಗಲವಾದ ದಿಬ್ಬದ ಮೇಲೆ ನೆಡಬೇಕು. ಗುಣಿಗೆ ಮರಳನ್ನೂ ಹೊರಗಿನ ಕೆಂಪು ಮಣ್ಣನ್ನೂ ತುಂಬುವ ಪದ್ಧತಿ ಕೆಲವರಲ್ಲಿದೆ. ಹೀಗೆ ಮಾಡಿದರೆ ಗುಣಿಯು ಜೇಡಿಮಣ್ಣಿನ ಬೋಗುಣಿಯಂತಾಗಿ ಸುತ್ತಲಿನ ನೀರೆಲ್ಲ ಅದರೊಳಗೆ ನಿಲ್ಲುತ್ತದೆ. ತೆಗೆದ ಮಣ್ಣನ್ನೇ ಪುಡಿಮಾಡಿ, ಚೆನ್ನಾಗಿ ಕಳಿತ ಗೊಬ್ಬರವನ್ನು ಸ್ವಲ್ಪ ಬೆರಸಿ ತುಂಬುವುದು ಉತ್ತಮ.

ಮಸಾರಿ ಭೂಮಿಯಲ್ಲಿ ನೀರು ಬೇಗ ಇಂಗಿಹೋಗುತ್ತದೆ. ಇಲ್ಲಿ ಗುಣಿಗೆ ಗೊಬ್ಬರವನ್ನು ಕೊಂಚ ಹೆಚ್ಚಾಗಿ ಬೆರಸಬಹುದು. ಸಸಿಯನ್ನು ನೆಲದ ಮಟ್ಟದಲ್ಲಿಯೇ ನೆಟ್ಟು ಸುತ್ತಲೂ ಬದು ಕಟ್ಟಿದ ಪಾತಿ ಮಾಡಬೇಕು.

ನೆಡುವಾಗ ಗಮನಿಸತಕ್ಕ ವಿಷಯಗಳು

ಗುಣಿಯನ್ನು ಬೇಸಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ಮಾವು, ಹುಣಸೆಗಳಿಗೆ ಮೂರು ಅಡಿ, ಇತರ ಮರಗಳಿಗೆ ಎರಡು ಅಡಿ, ಪೊದೆಗಿಡಗಳಿಗೆ ಒಂದರಿಂದ ಒಂದೂವರೆ ಅಡಿ ಉದ್ದ, ಅಗಲ, ಆಳವಿದ್ದರೆ ಸಾಕು. ತುಂಬಿದ ಮಣ್ಣು ಮೊದಲ ಮಳೆಗೆ ಕುಸಿದು ಕೂತ ಮೇಲೆ ನೆಡಬೇಕು; ಇಲ್ಲವಾದರೆ ಸಸಿಯು ಮಣ್ಣಿನೊಡನೆ ತಗ್ಗಿಗೆ ಇಳಿಯುತ್ತದೆ.

ಪ್ಲಾಸ್ಟಿಕ್ ಚೀಲವನ್ನು ಪೂರ್ತಿಯಾಗಿ ತೆಗೆಯತಕ್ಕದ್ದು. ತಳವನ್ನು ಮಾತ್ರ ಸೀಳಿ ನೆಡುವುದು ತಪ್ಪು. ಚೀಲದೊಳಗೆ ಬೇರುಗಳು ಸುರುಳಿಯಾಗಿ ಸುತ್ತಿಕೊಂಡಿದ್ದರೆ ಆ ಸುರುಳಿಗಳನ್ನು ಬಿಡಿಸಬೇಕು, ಬಿಡಿಸಲಾಗದಿದ್ದರೆ ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ಹಾಗೆಯೇ ಬಿಟ್ಟರೆ ಆ ಬೇರುಗಳು ವರ್ಷಗಳ ತರುವಾಯ ದಪ್ಪವಾಗಿ ಬುಡವನ್ನೇ ಉರುಲಿನಂತೆ ಬಿಗಿಯುತ್ತವೆ; ಎಂಟು ಹತ್ತು ವರ್ಷಗಳ ಮರವೂ ಗಾಳಿಗೆ ಉರುಳಬಹುದು.

ಕಾಂಡದಿಂದ ಬೇರು ಹೊರಡುವ ಸ್ಥಳವು ನೆಲದ ಮಟ್ಟದಲ್ಲಿರಬೇಕು. ಆಳವಾಗಿ ನೆಟ್ಟರೆ ಸಸಿ ಭದ್ರವಾಗಿರುವುದೆಂಬುದು ತಪ್ಪು ತಿಳಿವಳಿಕೆ. ಕಾಂಡದ ತೊಗಟೆಯು ಮಣ್ಣಿನೊಳಗೆ ಕೊಳೆಯುತ್ತದೆ. ಕಸಿ ಗಿಡಗಳಲ್ಲಿ ಕಸಿಯ ಗಂಟು ನೆಲಕ್ಕಿಂತ ಮೇಲೆ ಇರಬೇಕು. ಗಂಟಿನ ಕೆಳಗೆ ಹೊರಡುವ ಚಿಗುರುಗಳನ್ನು ಕಂಡ ಕೂಡಲೆ ಚಿವುಟಿಹಾಕಬೇಕು. ಅವು ಬೇರುಗಿಡದ ಚಿಗುರುಗಳಾದುದರಿಂದ ಕಸಿಯನ್ನು ಹಿಂದಿಕ್ಕಿ ಬೆಳೆದುಬಿಡುತ್ತವೆ.

ನೀರು ಹಾಕುವ ಕ್ರಮ

ನೆಟ್ಟ ದಿನ ಮಳೆ ಬರುತ್ತಿದ್ದರೂ ಒಂದು ಕೊಡ ನೀರನ್ನು ಹಾಕತಕ್ಕದ್ದು. ಇದರಿಂದ ಮಣ್ಣು ಬೇರಿಗೆ ಅಂಟಿ ನಡುವಣ ಪೊಳ್ಳುಗಳು ಮುಚ್ಚಿಹೋಗುತ್ತವೆ. ಮೊದಲನೆಯ ತಿಂಗಳು ನೀರನ್ನು ಬೇರಿನ ಹೆಂಟೆಯ ಮೇಲೆಯೇ ಬೀಳುವಂತೆ ಹಾಕಬೇಕು. ಆಮೇಲೆ ಪಾತಿಯನ್ನು ಕ್ರಮವಾಗಿ ಹೊರಕ್ಕೆ ಅಗಲಮಾಡುತ್ತ ಹೋಗಬೇಕು. ಬೇರು ನೀರನ್ನು ಅನುಸರಿಸಿ ಹರಡುತ್ತದೆ. ಯಾವಾಗಲೂ ಬುಡಕ್ಕೇ ನೀರು ಹಾಕಿದರೆ ಬೇರುಗಳು ಬುಡವನ್ನು ಬಿಟ್ಟು ಹೋಗುವುದಿಲ್ಲ. ಪಾತಿಯ ನಡುವೆ, ಕಾಂಡದ ಸುತ್ತ ಮಣ್ಣು ಸ್ವಲ್ಪ ಎತ್ತರವಾಗಿದ್ದು, ನೀರು ಕಾಂಡಕ್ಕೆ ತಗಲದೆ ಸುತ್ತಲೂ ನಿಲ್ಲುವಂತಿರಬೇಕು.

ದಿನವೂ ಒಂದು ಚೊಂಬು ನೀರು ಚಿಮುಕಿಸುವುದಕ್ಕಿಂತ ನಾಲ್ಕು ದಿನಗಳಿಗೊಮ್ಮೆ ಎರಡು ಕೊಡ ನೀರನ್ನು ನಿಧಾನವಾಗಿ ಇಂಗಿಸುವುದು ಮೇಲು. ಮೇಲಣ ಎರಡು ಅಂಗುಲ ಮಾತ್ರ ನೆನೆದರೆ ಬೇರುಗಳು ಮೇಲಕ್ಕೇ ಬಂದು ಬಿಸಿಲಿಗೆ ಸಿಕ್ಕುತ್ತವೆ. ಎರೆ ಭೂಮಿಯಲ್ಲಿ ಎಂಟು ದಿನಗಳಿಗೊಮ್ಮೆ ಮೂರು ಕೊಡ ಹಾಕಿದರೆ ಸಾಕಾಗಬಹುದು. ಈ ದಿನಗಳ ಲೆಕ್ಕವು ಸಾಧಾರಣ ಸೂಚನೆ ಮಾತ್ರ. ನಿಜವಾದ ಪರೀಕ್ಷೆಯೆಂದರೆ ಬುಡದಿಂದ ಒಂದು ಗೇಣು ದೂರದಲ್ಲಿ ನಾಲ್ಕು ಅಂಗುಲ ಆಳದ ಮಣ್ಣನ್ನು ಕೈಗೆ ತೆಗೆದು ಹಿಸುಕಿ ನೋಡುವುದು. ಉಂಡೆಯಾದರೆ ನೀರು ಬೇಡ, ಉದುರಿದರೆ ಬೇಕು.

ನೀರು ಹೆಚ್ಚಾದರೂ ಎಲೆ ಬಾಡುತ್ತದೆಂಬುದನ್ನು ಮರೆಯಬಾರದು. ಬೇರಿಗೆ ಗಾಳಿ ಸಿಕ್ಕದೆ ಅದು ನೀರನ್ನು ಹೀರಲಾರದೆ ಹೋಗುತ್ತದೆ. ಇದನ್ನು ಕಂಡು ನೀರಿಲ್ಲವೆಂದು ಭಾವಿಸಿ ಇನ್ನಷ್ಟು ಸುರಿದು ಗಿಡವನ್ನು ಕೊಂದವರು ಅನೇಕರು. ಬಾಡಿದ ಗಿಡವನ್ನು ಕಂಡಾಗ ಕೊಡವನ್ನು ಎತ್ತುವುದಕ್ಕೆ ಮುಂಚೆ ಮಣ್ಣನ್ನು ಮುಟ್ಟಿ ನೋಡಬೇಕು.

ನೀರು ಬಹಳ ಕಡಮೆ ಇರುವವರು ಗಡಿಗೆಯ ಪದ್ಧತಿಯನ್ನು ಅನುಸರಿಸಬಹುದು. ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಸಸಿಯಿಂದ ಒಂದು ಅಡಿ ದೂರದಲ್ಲಿ ಕಂಠದವರೆಗೆ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳ ಹಾಕಬೇಕು. ಗಡಿಗೆಯ ಮೈಯಿಂದ ನೀರು ಒಸರಿ ಬೇರಿಗೆ ದೊರೆಯುತ್ತದೆ, ಬಿಸಿಲಿಗೆ ಆರಿಹೋಗುವುದಿಲ್ಲ. ಚೀನಾ ದೇಶದಲ್ಲಿ ಎರಡು ಸಾವಿರ ವರ್ಷಗಳಿಗೆ ಹಿಂದಿನ ಫಾನ್ ಶೆಂಗ್‌ಜಿ ಎಂಬಾತನ ಕೃಷಿಗ್ರಂಥದಲ್ಲಿಯೂ ಈ ಪದ್ಧತಿಯ ವಿವರಣೆಯಿದೆ.

ಹೊದಿಕೆ

ಬುಡದ ಸುತ್ತ ಮೂರು ನಾಲ್ಕು ಅಂಗುಲ ದಪ್ಪವಾಗಿ ತರಗು, ಹುಲ್ಲು ಮುಂತಾದವುಗಳನ್ನು ಹರಡಿದರೆ ನೆಲ ಬೇಗ ಒಣಗುವುದಿಲ್ಲ, ಎರೆ ಬಿರಿಯುವುದು ಕಡಮೆಯಾಗುತ್ತದೆ, ಕಳೆ ಏಳುವುದಿಲ್ಲ. ಹೊದಿಕೆಯು ಕಾಂಡಕ್ಕೆ ತಾಗದಂತೆ ನಾಲ್ಕು ಅಂಗುಲ ಜಾಗ ಬಿಡಬೇಕು. ಈ ಸೀಮೆಯಲ್ಲಿ ಹೊದಿಕೆಗೆ ಕೊರತೆಯಿಲ್ಲ. ಮೆಕ್ಕೆಜೋಳದ ದಂಟನ್ನು ಹೊಲದಲ್ಲಿಯೇ ಸುಡುವುದಕ್ಕೆ ಬದಲಾಗಿ ತುಂಡುಮಾಡಿ ಸಸಿಗಳ ಬುಡಕ್ಕೆ ಹಾಕಬಹುದು. ಶೇಂಗಾ ಸಿಪ್ಪೆ ಮತ್ತು ಅಕ್ಕಿ ಗಿರಣಿಗಳ ಭತ್ತದ ಹೊಟ್ಟು ಸಹ ಒಳ್ಳೆಯವು.

ಆದರೆ ಮಂಡಕ್ಕಿ ಭಟ್ಟಿಗಳ ಮತ್ತು ಒಲೆಗಳ ಬೂದಿಯನ್ನು ಎರೆ ಭೂಮಿಯ ಸಸಿಗಳಿಗೆ ರಾಶಿ ಸುರಿಯಕೂಡದು. ಎರೆಮಣ್ಣು ಸಾಮಾನ್ಯವಾಗಿ ಮೊದಲೇ ಕ್ಷಾರಗುಣವುಳ್ಳದ್ದು, ಹಲವು ಕಡೆ ಸುಣ್ಣದ ಹರಳುಗಳಿಂದ ಕೂಡಿದ್ದು. ಬೂದಿಯು ಆ ಗುಣವನ್ನು ಹೆಚ್ಚಿಸುತ್ತದೆ. ಇಂಥ ನೆಲದಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ದೊರೆಯದೆ, ಎಳೆಯ ಎಲೆಗಳ ನರಗಳು ಹಸುರಾಗಿದ್ದು ನಡುವಣ ಭಾಗ ಹಳದಿಯಾಗುತ್ತದೆ. ಇದು ನೀರಿನ ಕೊರತೆಯ ಚಿಹ್ನೆಯಲ್ಲ.

ಹೊದಿಕೆ ಹಾಕಲಾಗದ ಕಡೆ ಬಿರುಕು ಕಾಣಿಸಿದ ಕೂಡಲೆ ಮೇಲಣ ಎರಡು ಅಂಗುಲ ಮಣ್ಣನ್ನು ಕೆದಕಿ ಪುಡಿಯಿಂದ ಬಿರುಕನ್ನು ಮುಚ್ಚಬೇಕು. ಆಳವಾಗಿ ಅಗೆದರೆ ಬೇರು ಕತ್ತರಿಸುವುದು.

ಊರುಗೋಲು, ನೆರಳು ಮತ್ತು ಬೇಲಿ

ಆಷಾಢದ ಗಾಳಿ ಈ ಬಯಲು ಸೀಮೆಯಲ್ಲಿ ಬಲವಾಗಿ ಬೀಸುತ್ತದೆ. ಸಸಿ ತಾನಾಗಿ ನಿಲ್ಲದಿದ್ದರೆ ಮಾತ್ರ ಪಡುವಣ ಪಕ್ಕದಲ್ಲಿ ಗೂಟ ನೆಟ್ಟು, ಹಳೆಯ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು. ತಂತಿಯನ್ನೂ ಪ್ಲಾಸ್ಟಿಕ್ ಹಗ್ಗವನ್ನೂ ಉಪಯೋಗಿಸಕೂಡದು. ಅವು ತೊಗಟೆಯನ್ನು ಕೊರೆಯುತ್ತವೆ. ಗಾಳಿಗೆ ಸ್ವಲ್ಪ ತೂಗಾಡಿದ ಕಾಂಡವೇ ದಪ್ಪವಾಗುತ್ತದೆ. ಒಂದು ವರ್ಷವಾದ ಮೇಲೆ ಗೂಟವನ್ನು ತೆಗೆದುಬಿಡಬೇಕು.

ಮೊದಲನೆಯ ಬೇಸಗೆಯಲ್ಲಿ ಎಳೆಯ ಕಾಂಡವು ಮಧ್ಯಾಹ್ನದ ಬಿಸಿಲಿಗೆ ಸುಟ್ಟು ತೊಗಟೆ ಬಿರಿಯುವುದುಂಟು. ತೆಂಗಿನ ಗರಿಯನ್ನಾಗಲಿ ಹಳೆಯ ಗೋಣಿಯನ್ನಾಗಲಿ ನೈಋತ್ಯ ದಿಕ್ಕಿನಲ್ಲಿ ಮರೆಯಾಗಿ ಕಟ್ಟಿದರೆ ಸಾಕು. ಪೂರ್ತಿ ಮುಚ್ಚಿ ಗಾಳಿ ಬೆಳಕು ತಪ್ಪಿಸಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಬೇಲಿ. ತಿಂಗಳುಗಟ್ಟಲೆ ನೀರು ಹೊತ್ತು ಬೆಳೆಸಿದುದನ್ನು ಒಂದು ಆಡು ಒಂದು ಗಳಿಗೆಯಲ್ಲಿ ಮುಗಿಸಬಲ್ಲದು. ಜಾಲಿಯ ಮುಳ್ಳನ್ನು ಸುತ್ತಲೂ ಒತ್ತಾಗಿ ಕಟ್ಟುವುದು ಕಡಮೆ ಖರ್ಚಿನ ಉಪಾಯ. ಸಸಿಯ ತುದಿಯು ದನದ ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ ಬೇಲಿಯನ್ನು ಬಿಡಬಾರದು.

ಸವರುವುದು, ಗೊಬ್ಬರ, ಗೆದ್ದಲು

ನೆಟ್ಟ ಕೂಡಲೆ ಬೇರಿಗೆ ಭಾರವಾಗದಿರಲೆಂದು ತುದಿಯನ್ನು ಕತ್ತರಿಸುವ ಪದ್ಧತಿ ಹಿಂದೆ ಇತ್ತು. ಎಲೆಗಳೇ ಬೇರಿಗೆ ಆಹಾರವನ್ನು ತಯಾರಿಸುವುವೆಂದು ತಿಳಿದುಬಂದಿರುವುದರಿಂದ ಮೊದಲನೆಯ ವರ್ಷ ಮುರಿದ, ಒಣಗಿದ ಕೊಂಬೆಗಳನ್ನಲ್ಲದೆ ಬೇರೆ ಯಾವುದನ್ನೂ ಕತ್ತರಿಸಬೇಕಾಗಿಲ್ಲ. ಕಸಿಮಾವು ಬೇಗ ಹೂ ಬಿಡುವುದುಂಟು. ಮೊದಲ ಮೂರು ವರ್ಷ ಆ ಹೂವನ್ನು ಚಿವುಟಿಹಾಕಿದರೆ ಗಿಡ ಬಲಿಯುತ್ತದೆ.

ಮೊದಲನೆಯ ಮಳೆಗಾಲದಲ್ಲಿ ರಾಸಾಯನಿಕ ಗೊಬ್ಬರ ಬೇಡ. ಎಳೆಯ ಬೇರುಗಳನ್ನು ಅದು ಸುಡುತ್ತದೆ. ಎರಡನೆಯ ಮಳೆಗಾಲದಲ್ಲಿ ಒಂದು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಪಾತಿಯ ಅಂಚಿನಲ್ಲಿ ಹಾಕಿ ಮಣ್ಣಿನೊಡನೆ ಬೆರಸಬೇಕು. ಹಸಿಗೊಬ್ಬರವು ಗೆದ್ದಲನ್ನು ಕರೆಯುತ್ತದೆ. ಕಾಂಡದ ಮೇಲೆ ಗೆದ್ದಲಿನ ಮಣ್ಣುಗೊಳವೆ ಕಂಡರೆ ಕೂಡಲೆ ಒರಸಿಹಾಕಿ, ಬುಡಕ್ಕೆ ಬೇವಿನ ಹಿಂಡಿಯನ್ನು ಬೆರಸಿ, ಪಾತಿಯನ್ನು ಒಣಗಲು ಬಿಡದೆ ನೋಡಿಕೊಳ್ಳಬೇಕು. ಸೊರಗಿದ ಗಿಡಕ್ಕೇ ಗೆದ್ದಲಿನ ಕಾಟ ಹೆಚ್ಚು.

ಪೇಟೆಯ ಬೀದಿಗಳಲ್ಲಿ

ದಾವಣಗೆರೆಯ ಮಂಡಿಪೇಟೆಯಂಥ ವ್ಯಾಪಾರದ ಬೀದಿಗಳಲ್ಲಿ ಸಸಿಗೆ ಹೊಲದಲ್ಲಿಲ್ಲದ ಕಷ್ಟಗಳುಂಟು. ಸರಕು ಇಳಿಸುವ ಲಾರಿಗಳ ಹಿಂಬದಿಯ ಪೆಟ್ಟು ಒಂದು. ಬುಡದವರೆಗೆ ಹಾಕಿದ ಕಾಂಕ್ರೀಟು ಇನ್ನೊಂದು. ಸಸಿಯ ಸುತ್ತ ಕಡಮೆಯೆಂದರೆ ಮೂರು ಅಡಿ ಚೌಕದ ಮಣ್ಣಿನ ನೆಲ ತೆರೆದಿರಬೇಕು. ಅಂಗಡಿ ತೊಳೆದ ಸಾಬೂನಿನ ನೀರು, ಎಣ್ಣೆ, ಉಪ್ಪಿನ ನೀರುಗಳನ್ನು ಬುಡಕ್ಕೆ ಚೆಲ್ಲಬಾರದು. ಕಾಂಡಕ್ಕೆ ಮೊಳೆ ಹೊಡೆದು ಫಲಕ ತೂಗುಹಾಕಬಾರದು. ಕಬ್ಬಿಣದ ಪಂಜರವನ್ನು ಕಾಂಡ ದಪ್ಪವಾದಂತೆ ತೆಗೆಯದಿದ್ದರೆ ಕಾಪಾಡಬೇಕಾದುದೇ ಕತ್ತು ಹಿಸುಕುತ್ತದೆ. ವಿದ್ಯುತ್ತಿನ ತಂತಿಯ ಕೆಳಗೆ ಎತ್ತರವಾಗಿ ಬೆಳೆಯುವ ಮರವನ್ನು ನೆಡಲೇಬಾರದು. ಅಂಥ ಕಡೆ ಕಣಗಿಲೆಯಂಥ ಪೊದೆಗಿಡವೇ ಲೇಸು. ಆದರೆ ಕಣಗಿಲೆಯ ಎಲ್ಲ ಭಾಗಗಳೂ ವಿಷವಾದುದರಿಂದ ಮಕ್ಕಳೂ ದನಗಳೂ ಬಾಯಿ ಹಾಕದಂತೆ ಎಚ್ಚರಿಕೆ ಬೇಕು.

ಮಂಡಿಗಳಲ್ಲಿ ಒಂದು ಅನುಕೂಲವೂ ಉಂಟು. ನೆರಳಿಗೆ ಬೇಕಾದ ಹಳೆಯ ಗೋಣಿ ಅಲ್ಲಿ ಕೈಗೆಟುಕುವಂತಿರುತ್ತದೆ. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವವರು ಪ್ರತಿದಿನವೂ ಅದೇ ಜಾಗಕ್ಕೆ ಬರುತ್ತಾರೆ. ಒಂದು ಅಂಗಡಿಗೆ ಒಂದು ಸಸಿ ಎಂದು ಹೊಣೆ ಹಂಚಿಕೊಂಡರೆ ನಾಲ್ಕು ದಿನಗಳಿಗೊಮ್ಮೆ ಎರಡು ಕೊಡ ಯಾರಿಗೂ ಭಾರವಾಗದು. ಎಲ್ಲರದೂ ಆದ ಸಸಿಗೆ ನೀರು ಹಾಕುವವರಿಲ್ಲ. ಒಬ್ಬರ ಹೆಸರು ಹೊತ್ತ ಸಸಿ ಬದುಕುತ್ತದೆ.

ಮೂರು ವರ್ಷಗಳ ಕೆಲಸದ ಸಂಗ್ರಹ

ಒಂದನೆಯ ವರ್ಷ: ಮೃಗಶಿರ ಆರಿದ್ರ ಮಳೆಗಳಲ್ಲಿ ನೆಡುವುದು. ಸತ್ತವುಗಳ ಜಾಗದಲ್ಲಿ ಹುಬ್ಬೆ ಉತ್ತರೆ ಮಳೆಯೊಳಗೆ ಬೇರೆ ನೆಡುವುದು. ಸ್ವಾತಿ ಮಳೆ ನಿಂತೊಡನೆ, ನೆಲ ಹಸಿ ಇರುವಾಗಲೇ ಹೊದಿಕೆ ಹಾಕುವುದು. ಮಳೆ ನಿಂತ ಮೇಲೆ ಮಣ್ಣನ್ನು ಪರೀಕ್ಷಿಸುತ್ತ, ಸಂಕ್ರಾಂತಿಯಿಂದ ತಪ್ಪದೆ ನೀರು ಹಾಕುವುದು. ಶಿವರಾತ್ರಿಯ ಹೊತ್ತಿಗೆ ನೆರಳು ಕಟ್ಟುವುದು.

ಎರಡನೆಯ ವರ್ಷ: ಗೂಟ ತೆಗೆಯುವುದು, ಪಾತಿಯನ್ನು ಮೂರು ಅಡಿಗೆ ಅಗಲಿಸುವುದು, ಗೊಬ್ಬರ ಹಾಕುವುದು, ಹೊದಿಕೆಯನ್ನು ಹೊಸದು ಮಾಡುವುದು. ಬೇಸಗೆಯಲ್ಲಿ ಎಂಟು ಹತ್ತು ದಿನಗಳಿಗೊಮ್ಮೆ ಹೆಚ್ಚು ನೀರು. ದಾಸವಾಳ, ಮಲ್ಲಿಗೆ ಮುಂತಾದ ಪೊದೆಗಿಡಗಳನ್ನು ಈ ವರ್ಷದಿಂದ ಸವರಬಹುದು.

ಮೂರನೆಯ ವರ್ಷ: ಪಾತಿಯನ್ನು ನಾಲ್ಕೈದು ಅಡಿಗೆ ಅಗಲಿಸಿ, ಬೇಸಗೆಯಲ್ಲಿ ಹದಿನೈದು ಇಪ್ಪತ್ತು ದಿನಗಳಿಗೊಮ್ಮೆ ನೀರು. ಈ ಬೇಸಗೆಯನ್ನು ಕಳೆದ ಬೇವು, ಹೊಂಗೆ, ಹುಣಸೆಗಳು ಮುಂದೆ ಮಳೆಯ ನೀರಿನಿಂದಲೇ ಬದುಕಬಲ್ಲವು. ನಿಂಬೆ, ಪೇರಲ ಮುಂತಾದ ಹಣ್ಣಿನ ಗಿಡಗಳಿಗೆ ನೀರನ್ನು ಮುಂದುವರಿಸಬೇಕು.

ಈ ವರ್ಷ ಸಸಿ ನೆಡಬೇಕೆಂದಿರುವವರು ಗುದ್ದಲಿಯನ್ನು ಹಿಡಿಯುವುದಕ್ಕೆ ಮುಂಚೆ ತಮ್ಮ ಬಾವಿಯ ಬೇಸಗೆಯ ನೀರನ್ನೂ ಹೊರುವ ಕೈಗಳನ್ನೂ ಲೆಕ್ಕ ಹಾಕಲಿ. ಲೆಕ್ಕದಲ್ಲಿ ಐದು ಸಸಿಗೆ ಮಾತ್ರ ನೀರು ಸಾಲುವುದಾದರೆ ಐದನ್ನೇ ನೆಡಲಿ. ಉಳಿದ ಐದು ಸಸಿಗಳು ಹತ್ತು ವರ್ಷಗಳಲ್ಲಿ ಒಂದು ಕುಟುಂಬಕ್ಕೆ ನೆರಳಾಗುವುವು. ಒಣಗಿದ ಐವತ್ತು ಸಸಿಗಳಿಂದ ಉಳಿಯುವುದು ಐವತ್ತು ಗುಣಿಗಳು ಮಾತ್ರ.